ಸೋಮವಾರದ ಸೊನ್ನೆ

ಭಾನುವಾರ, ಮಧ್ಯಾಹ್ನ

ಪಾಲುದಾರರಿಗೆ,

ಹೀಗೆ ಕರೆದದ್ದಕ್ಕೆ ಮುಖ ಗಂಟಿಕ್ಕಬೇಡಿ. ನೀವು ನಿಮ್ಮ ಅಕ್ಕನ ಮನೆ ಸೇರಿದ ಮೇಲೆ ನಮ್ಮಿಬ್ಬರ ನಡುವೆ ಇನ್ನೂ ಚಾಲ್ತಿಯಲ್ಲಿರುವ ಸಂಬಂಧ ಇದೊಂದೇ. ನಿಮ್ಮ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಒಳ್ಳೆಯದಾಯಿತು.

ಇದರ ಜೊತೆ ಒಂದು ಹಾಳೆಯಿದೆ. ಅದಕ್ಕೆ ನಿಮ್ಮ ರುಜು ಬೇಕು. ಯಾಕೆಂದು ಹೇಳಲು ಸ್ವಲ್ಪ ಸುತ್ತಿಕೊಂಡು ಬರಬೇಕಾಗುತ್ತದೆ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಮೆಷಿನ್‌ಗಳನ್ನು ನಿಲ್ಲಿಸಿ ಊಟದ ಕೋಣೆಯ ಬೋರ್ಡಿನ ಮುಂದೆ ಎಲ್ಲರೂ ಸೇರುವುದು ಈಗಲೂ ನಡೆದಿದೆ. ಬೋರ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ತಂತಿಯ ಖರ್ಚನ್ನು ಸುರುಳಿ ಸುತ್ತುವವರು ಓದುತ್ತಾರೆ, ಕರೆಂಟಿನದನ್ನು ಕುಲುಮೆಯವನು, ನನ್ನ ಸಂಬಳವನ್ನು ಕಸ ಗುಡಿಸುವವಳು. ಅದನ್ನು ಓದುವ ಮೊದಲು ಅವಳು ಪ್ರತಿ ಸಲವೂ ಉಸಿರು ಎಳೆದುಕೊಳ್ಳುತ್ತಾಳೆ. ನನಗೆ ಅಭ್ಯಾಸವಾಗಿದೆ. ಲೆಕ್ಕ ಬಿಚ್ಚಿಟ್ಟರೆ ತಲೆಯ ಮೇಲೆ ಕೂರುತ್ತಾರೆ ಅಂದಿರಿ ನೀವು. ಯಾರೂ ಕೂರಲಿಲ್ಲ. ತಂತಿಯ ತುಂಡು ಬಿದ್ದರೆ ಈಗ ಬಗ್ಗಿ ಎತ್ತಿಕೊಳ್ಳುತ್ತಾರೆ. ಹಿಂದಿನ ಷೆಡ್ಡನ್ನೂ ಬಾಡಿಗೆಗೆ ಹಿಡಿದಿದ್ದೇವೆ. ನೀವಿದ್ದಾಗಿನ ಎರಡರಷ್ಟು ಸ್ಪ್ರಿಂಗ್ ಹೊರಗೆ ಹೋಗುತ್ತಿದೆ.

ಬೋರ್ಡಿನ ಕೊನೆಯ ಸಾಲು ಗಾಯದ್ದು. ಅದು ಸೊನ್ನೆಯಿದ್ದರೆ ಮಾತ್ರ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಲಾಭದಲ್ಲಿ ಪಾಲು. ಒಬ್ಬರಿಗೆ ಪೆಟ್ಟಾದರೂ ಯಾರಿಗೂ ಇಲ್ಲ. ಒಬ್ಬರನ್ನೊಬ್ಬರು ಕಾಯಲಿ ಎಂದು ನಾನೇ ಹಾಕಿದ ಷರತ್ತು ಅದು. ಬೇರೆ ಎಲ್ಲಕ್ಕೂ ಜಗಳವಾಡಿದ ನೀವು ಅದೊಂದಕ್ಕೆ ಮಾತಿಲ್ಲದೆ ರುಜು ಹಾಕಿದ್ದಿರಿ. ಅಂದಿನಿಂದ ಅಲ್ಲಿ ಸೊನ್ನೆಯೇ ಇದೆ.

ಸ್ಪ್ರಿಂಗಿನ ತುದಿಯನ್ನು ಸಾಣೆಗೆ ಹಿಡಿದು ಉಜ್ಜುವವನು ನಿಮಗೆ ನೆನಪಿರಬೇಕು, ಬಾಯಿ ಮುಚ್ಚದ್ದಕ್ಕೆ ಎಲ್ಲರೂ ರೇಡಿಯೋ ಎಂದು ಕರೆಯುವವನು. ಅವನ ಸಾಲು ಕೈಗವಸು, ಮಾಸ್ಕು, ಕಿಡಿ ತಡೆಯುವ ಕನ್ನಡಕಗಳದು. ಆ ಖರ್ಚು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂತು. "ನೋಡಿ ಅಮ್ಮಾ, ನಮ್ಮನೇಲೂ ನಾನು ಇಷ್ಟು ಉಳಿಸಿಲ್ಲ. ನನ್ನ ಹೆಂಡ್ತಿ ಕಿವಿಗೆ ಮಾತ್ರ ಹಾಕ್ಬೇಡಿ" ಎಂದು ನಗಿಸುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನು ಸ್ವಲ್ಪ ಜೋರಾಗಿಯೇ.

ಕಳೆದ ಸೋಮವಾರ ಅವನು ಮುಖ ಓರೆ ಮಾಡಿಕೊಂಡು ನಿಂತ. ತನ್ನ ಸಾಲು ಬಿಟ್ಟು ಅದರ ಕೆಳಗಿನದನ್ನು ಓದತೊಡಗಿದ. ಪ್ಯಾಕಿಂಗಿನ ಹೆಂಗಸು ಹಿಂದಿನಿಂದ ಮೆಲ್ಲಗೆ ಸರಿಯಾದ ಅಂಕಿ ಹೇಳಿಕೊಟ್ಟಳು, ಪಾಠ ಬಾರದ ಮಕ್ಕಳಿಗೆ ಪಕ್ಕದವರು ಹೇಳಿಕೊಡುವ ಹಾಗೆ. "ಏನ್ ರೇಡಿಯೋ, ಸ್ಟೇಷನ್ ತಪ್ಪಿತಾ?" ಅಂದೆ. ಯಾರೂ ನಗಲಿಲ್ಲ. ಏನೋ ಆಗಿದೆ, ಅದು ಅಲ್ಲಿದ್ದವರಿಗೆಲ್ಲ ಗೊತ್ತಿದೆ, ನನ್ನೊಬ್ಬಳನ್ನು ಬಿಟ್ಟು ಎಂದು ಆಗ ಹೊಳೆಯಿತು.

ವಾರವಿಡೀ ಬೆನ್ನು ಹತ್ತಿದ ಮೇಲೆ ಬಾಯಿ ಬಿಟ್ಟ. ಗೀರು ಬಿದ್ದ ಕನ್ನಡಕದಲ್ಲಿ ಏನೂ ಕಾಣುತ್ತಿರಲಿಲ್ಲವಂತೆ. ಹೊಸದು ತೆಗೆದುಕೊಂಡರೆ ತನ್ನ ಸಾಲು ಏರುತ್ತದೆಂದು ಬರಿಗಣ್ಣಲ್ಲೇ ಉಜ್ಜಿದನಂತೆ. ಕಬ್ಬಿಣದ ಚೂರು ಎಡಗಣ್ಣಿಗೆ ಹಾರಿದೆ. ಪಕ್ಕದವರು ನೀರು ಹಾಕಿ ತೊಳೆದಿದ್ದಾರೆ. ಪಾಲು ಕೈಸೇರುವ ತನಕ ನನಗೆ ತಿಳಿಸುವುದು ಬೇಡವೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ನಿನ್ನನ್ನು ಹೆದರಿಸಿದರಾ ಎಂದು ಕೇಳಿದೆ. "ಅಯ್ಯೋ ಇಲ್ಲಮ್ಮಾ, ಮೊದ್ಲು ಬೇಡ ಅಂದಿದ್ದೇ ನಾನು. ಒಬ್ಬೊಬ್ರೂ ಆ ದುಡ್ಡಿಗೆ ಒಂದೊಂದು ಕೆಲಸ ಇಟ್ಕೊಂಡು ಕಾಯ್ತಿದಾರೆ. ನನ್ನ ಒಂದು ಕಣ್ಣಿಗೋಸ್ಕರ ಅಷ್ಟೂ ಜನರ ಬಾಯಿಗೆ ಮಣ್ಣು ಹಾಕ್ಲಾ? ಸೊನ್ನೇನೇ ಇರ್ಲಿ ಬಿಡಿ" ಅಂದ.

ನಿನ್ನೆ ನಾನೇ ಡಾಕ್ಟರ ಬಳಿ ಕರೆದೊಯ್ದೆ. ಚೂರು ಒಳಗೇ ಉಳಿದು ತುಕ್ಕು ಬಿಟ್ಟಿದೆ. ತಡಮಾಡದೆ ಆಪರೇಷನ್ ಆದರೆ ದೃಷ್ಟಿ ಸ್ವಲ್ಪ ಉಳಿಯಬಹುದು. ಆಸ್ಪತ್ರೆಯ ಖರ್ಚಿಗೆ ನಾನಿದ್ದೇನೆ. ಆದರೆ ಕಣ್ಣು ಹೋದರೆ ವಿಮೆಯವರು ಪರಿಹಾರ ಕೊಡಬೇಕಲ್ಲ, ಅದಕ್ಕೆ ಕೆಲಸದಲ್ಲೇ ಗಾಯವಾಯಿತೆಂದು ನಾವು ಬರೆದುಕೊಡಬೇಕು. ಬರೆದರೆ ಬೋರ್ಡಿನ ಸೊನ್ನೆ ಹೋಗುತ್ತದೆ, ಅದರ ಹಿಂದೆ ಎಲ್ಲರ ಪಾಲೂ ಹೋಗುತ್ತದೆ. ಆಮೇಲೆ ಅವನು ಯಾವ ಮುಖ ಹೊತ್ತು ಆ ಷೆಡ್ಡಿಗೆ ಮರಳಬೇಕು?

ಹಾಳೆ ಇರುವುದು ಗಾಯದ ಆ ಷರತ್ತನ್ನು ತೆಗೆದುಹಾಕಲು. ಇಬ್ಬರ ರುಜುವೂ ಬಿದ್ದರೆ ಗಾಯವಾಗಿದ್ದರೂ ಪಾಲು ಸಿಗುತ್ತದೆ. ನನ್ನದು ಹಾಕಿದ್ದೇನೆ.

ನೀವು ಹೇಳಿದ್ದೇ ಆಯಿತು ಅನ್ನಿಸುತ್ತಿರಬಹುದು. ಪೂರ್ತಿ ಹಾಗಲ್ಲ. ಲೆಕ್ಕ ತೋರಿಸಿದರೆ ನೋಡಿ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ. ಅದನ್ನು ತಮ್ಮ ಮೈಮೇಲೆ ಹೊತ್ತುಕೊಳ್ಳುತ್ತಾರೆಂದು ಗೊತ್ತಿರಲಿಲ್ಲ.

ಮನೆಯಲ್ಲಿ ನಿಮ್ಮ ಕುರ್ಚಿಯ ಮೇಲೆ ಫೈಲುಗಳನ್ನು ಒಟ್ಟಿದ್ದೇನೆ. ಬೇರೆ ಕಡೆ ಜಾಗವಿಲ್ಲ ಎಂದಲ್ಲ.

ಇಂತಿ,
ಉಳಿದರ್ಧ ಪಾಲಿನವಳು

ತಾ.ಕ.: ಸೋಮವಾರ ಸಂಜೆ. ಕಾಗದ ಇನ್ನೂ ಕೈಚೀಲದಲ್ಲೇ ಇದೆ. ನಿಮ್ಮ ರುಜುವಿಗೆ ಕಾಯಲು ಆಗಲಿಲ್ಲ. ಬೆಳಿಗ್ಗೆ ರೇಡಿಯೋನನ್ನು ಆಸ್ಪತ್ರೆಗೆ ಸೇರಿಸಿ ಬಂದು, ಸೊನ್ನೆ ಅಳಿಸಿ ಒಂದು ಎಂದು ಬರೆದೆ. ಪಾಲು ಉಳಿಸಿಕೊಡಿ ಎಂದು ನಿಮ್ಮನ್ನು ಕೇಳುತ್ತಿದ್ದೇನೆ, ನೀವು ಒಪ್ಪುವಿರೋ ಇಲ್ಲವೋ ತಿಳಿಯದು ಎಂದೂ ಹೇಳಿದೆ. ಎಲ್ಲರೂ ಮೆಷಿನ್‌ಗಳಿಗೆ ಮರಳಿದರು. ಊಟದ ಹೊತ್ತಿಗೆ ಬೋರ್ಡಿನ ಒಂದು ಎರಡಾಗಿತ್ತು. ಪ್ಯಾಕಿಂಗಿನ ಹೆಂಗಸು ತೋಳು ಮಡಚಿ ಹೊಲಿಗೆಯ ಗುರುತು ತೋರಿಸಿದಳು. ಕುಲುಮೆಯವನು ಬಂದು ಮೂರು ಮಾಡಿದ. ಕೆಲಸ ಮುಗಿಸಿ ಹೊರಡುವ ವೇಳೆಗೆ ಆ ಸಾಲಿನಲ್ಲಿ ಆರು ಇತ್ತು.

ಕೊನೆಗೆ ಬಂದವರು ಲೇತ್ ಮೆಷಿನ್ನಿನ ಅಜ್ಜ. ಅವರ ಬೆರಳಿನ ತುದಿ ಮನೆಯ ಬಾಗಿಲಿಗೆ ಸಿಕ್ಕಿ ಹೋಯಿತು ಎಂದು ನೀವು ನನಗೆ ಹೇಳಿದ್ದಿರಿ. ಅವರು ಆರನ್ನು ಅಳಿಸಿ ಏಳು ಬರೆದರು. "ಇದು ಯಜಮಾನ್ರ ಕಾಲದ್ದಮ್ಮಾ. ಆಗ ಬರೆಯೋಕೆ ಬೋರ್ಡ್ ಎಲ್ಲಿತ್ತು?" ಅಂದರು.

ಈ ಮೂರು ತಿಂಗಳ ಲೆಕ್ಕಕ್ಕೆ ಅದು ಬರುವುದಿಲ್ಲ. ಆದರೂ ನಾನು ಅಳಿಸಿಲ್ಲ. ಸೊನ್ನೆಯಿದ್ದಷ್ಟು ದಿನ ಆ ಸಾಲನ್ನು ಓದಲು ಯಾರೂ ಬೇಕಿರಲಿಲ್ಲ. ಏಳನ್ನು ಯಾರಾದರೂ ಓದಬೇಕು. ಹಾಳೆಯನ್ನು ಅಂಚೆಗೆ ಹಾಕಬೇಡಿ. ಬರುವ ಸೋಮವಾರ ನೀವೇ ತನ್ನಿ.