ಎದ್ದು ನಿಂತಾಗ ಮಾತ್ರ

ಹೌಕಿನಿಯೆಮಿ
ಅಕ್ಟೋಬರ್ 9, 2016, ಭಾನುವಾರ

ಪ್ರೀತಿಯ ಹೆಲ್ಕಾ,

ಮೊದಲು ಇದನ್ನು ಹೇಳಿಬಿಡುತ್ತೇನೆ, ನೀನು ನೆಮ್ಮದಿಯಾಗಿ ಮುಂದೆ ಓದಬಹುದು: ನನಗೆ ಮತ್ತೆ ಹುಚ್ಚು ಹಿಡಿದಿಲ್ಲ.

ವಿರ್ಪಿ ನಿನಗೆ ಫೋನ್ ಮಾಡಿ ಅತ್ತಳಂತೆ. ಅಪ್ಪನಿಗೆ ಹಳೆಯ ಕಾಯಿಲೆ ಮರುಕಳಿಸಿದೆ ಎಂದಳಂತೆ. ನಮ್ಮ ಮಗಳು ಸುಳ್ಳು ಹೇಳುವವಳಲ್ಲ, ಆ ದಿನ ಅವಳ ಕಣ್ಣಿಗೆ ಕಂಡದ್ದು ಹಾಗೇ ಇತ್ತು. ಆಮೇಲೆ ಏನಾಯಿತು ಎಂಬುದನ್ನು ನಾನೇ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಕೇಳುವುದಿಲ್ಲ, ದನಿ ನಡುಗುತ್ತಿದೆಯೇ ಎಂದು ನೋಡುತ್ತೀಯ. ತಪ್ಪಲ್ಲ ಬಿಡು. ನನ್ನ ಜೊತೆ ಬಾಳಿದವರಿಗೆ ಸ್ವೀಡನ್ನಿಗೆ ಹೋದರೂ ಆ ಅಭ್ಯಾಸ ಹೋಗುವುದಿಲ್ಲ.

ಬೇಸಿಗೆಯಲ್ಲಿ ಊರಿನ ಆರೋಗ್ಯ ಕೇಂದ್ರದಲ್ಲಿ ನನ್ನ ಬಿಪಿ ನೋಡಿದರು. ತುಂಬಾ ಜಾಸ್ತಿ ಇತ್ತು. ರಜೆಯಲ್ಲಿದ್ದವರ ಬದಲಿಗೆ ಬಂದಿದ್ದ ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ನನ್ನ ತಲೆಯ ಮಾತ್ರೆ, ಮಲಗುವ ಮುಂಚೆ ನುಂಗುವುದು, ನಿನಗೆ ಗೊತ್ತೇ ಇದೆ. ಅದನ್ನು ಬರೆಯುವವರು ಪಟ್ಟಣದ ಮಾನಸಿಕ ಆಸ್ಪತ್ರೆಯ ಡಾಕ್ಟರ್ ರಿಸ್ಸಾನೆನ್. ಇಬ್ಬರ ನಡುವೆ ಇಷ್ಟುದ್ದ ಕಾಡು, ಎರಡು ಸರೋವರ. ಅವರು ಏನು ಕೊಟ್ಟಿದ್ದಾರೆಂದು ಇವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಗಿತ್ತು. ಬಿಪಿ ಎಂದರೆ ಊರಿನ ಎಲ್ಲ ಮುದುಕರಿಗೂ ಇರುವ ಮರ್ಯಾದಸ್ಥ ಕಾಯಿಲೆ. ಅಂಗಡಿಯ ಕಾಫಿ ಮೇಜಿನಲ್ಲಿ ಮೊದಲ ಸಲ ನಾನೂ ನನ್ನ ಮಾತ್ರೆಯ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡಿದೆ.

ಆಮೇಲೆ ಶುರುವಾಯಿತು. ಹಾಸಿಗೆಯಿಂದ ಎದ್ದರೆ ಕಣ್ಣಿನ ಅಂಚಿನಿಂದ ಕತ್ತಲು ಕವಿಯುತ್ತಿತ್ತು. ಕಾಡಿನಲ್ಲಿ ಬಗ್ಗಿ ಕೆಂಪು ಹಣ್ಣು ಬಿಡಿಸಿ ಸೊಂಟ ನೆಟ್ಟಗೆ ಮಾಡಿದರೆ ಪೈನ್ ಮರಗಳೆಲ್ಲ ಒಂದು ಪಕ್ಕಕ್ಕೆ ವಾಲುತ್ತಿದ್ದವು. ಒಂದು ದಿನ ವಿರ್ಪಿ ಬಂದಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಹಣ್ಣು ಸುರಿದುಕೊಂಡು ಎಲೆ, ಕಡ್ಡಿ ಆರಿಸುತ್ತಿದ್ದೆವು. ಇನ್ನೊಂದು ಪಾತ್ರೆ ತರಲು ಎದ್ದವನು ಗೋಡೆ ಹಿಡಿದುಕೊಂಡೆ. ಏನಪ್ಪಾ ಎಂದಳು. ನನಗೆ ಅನ್ನಿಸಿದ್ದನ್ನು ಅನ್ನಿಸಿದ ಹಾಗೇ ಹೇಳಿದೆ: "ನೆಲ ನನ್ನ ಕೆಳಕ್ಕೆ ಎಳೀತಿದೆ ಕಣೇ."

ನಿನಗೆ ಆ ವಸಂತ ನೆನಪಿದೆಯಲ್ಲ. ಸರೋವರದ ಮಂಜುಗಡ್ಡೆಯ ಕೆಳಗಿಂದ ಯಾರೋ ನಮ್ಮನ್ನೆಲ್ಲ ಎಳೆಯುತ್ತಿದ್ದಾರೆಂದು ನಾನು ಹಾರೆ ಹಿಡಿದು ನೆಲದ ಹಲಗೆಗಳನ್ನು ಕಿತ್ತದ್ದು, ನೆಲಕ್ಕೆ ಕಾಲು ತಾಗಿಸಬೇಡ ಎಂದು ವಿರ್ಪಿಯನ್ನು ಮೇಜಿನ ಮೇಲೆ ಕೂರಿಸಿದ್ದು. ಆಗ ಅವಳು ಎಷ್ಟು ಚಿಕ್ಕವಳು. ಈಗ ತಾನೂ ತಾಯಿ, ತಲೆಯಲ್ಲಿ ಒಂದೆರಡು ಬಿಳಿಕೂದಲು. ಆದರೂ ನನ್ನ ಬಾಯಿಂದ ಆ ಮಾತು ಬಂದ ಕೂಡಲೇ ಅವಳ ಎರಡೂ ಪಾದಗಳು, ಅವಳಿಗೇ ಗೊತ್ತಿಲ್ಲದೆ, ನೆಲ ಬಿಟ್ಟು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಏರಿದವು. ನಾನು ನೋಡಿದೆ. ಅದಾದ ಮೇಲೆ ಅವಳ ಜೊತೆ ವಾದ ಮಾಡುವ ಧೈರ್ಯ ನನಗೆ ಬರಲಿಲ್ಲ.

ಅವಳು ಡಾಕ್ಟರ್ ರಿಸ್ಸಾನೆನ್‌ಗೆ ಫೋನ್ ಮಾಡಿದಳು. ಅವರು ತಲೆಯ ಮಾತ್ರೆಯ ಡೋಸ್ ಏರಿಸಿದರು. ವಿರ್ಪಿ ಕೊಡಲಿ ತೆಗೆದುಕೊಂಡು ಹೋದಳು, ದೋಣಿಯ ಮೋಟಾರು ಬಿಚ್ಚಿಸಿ ಒಯ್ದಳು. ದಿನಾ ಸಂಜೆ ಕೆಲಸ ಮುಗಿಸಿ ಕಾರಿನಲ್ಲಿ ಬಂದು ನಾನು ಮಾತ್ರೆ ನುಂಗುವುದನ್ನು ನೋಡಿ ಹೋಗುತ್ತಿದ್ದಳು. ಪಟ್ಟಣದಲ್ಲಿ ಒಂದು ಒಳ್ಳೆಯ ಆರೈಕೆ ಮನೆ ಇದೆ, ಕಿಟಕಿಯಿಂದ ನೀರು ಕಾಣಿಸುತ್ತದೆ ಎಂದು ಮೆಲ್ಲಗೆ ಹೇಳಿದಳು. ಅವಳು ನನ್ನೊಡನೆ ಯಾವಾಗಲೂ ಮೆಲ್ಲಗೇ ಮಾತಾಡುವುದು.

ಡೋಸ್ ಏರಿದ ಮೇಲೆ ನಿಲ್ಲುವುದೇ ಕಷ್ಟವಾಯಿತು. ನಿನಗೆ ಚಿಂತೆ ಯಾಕೆಂದು ಈ ಮಾತು ಬಿಟ್ಟು ಬರೆಯೋಣ ಎಂದುಕೊಂಡಿದ್ದೆ, ಆಗುತ್ತಿಲ್ಲ. ಬೆಳಿಗ್ಗೆ ಹೊತ್ತು ಬಚ್ಚಲಿಗೆ ಅಂಬೆಗಾಲಿಟ್ಟು ಹೋಗುತ್ತಿದ್ದೆ. ವಿರ್ಪಿಗೆ ಇದು ಗೊತ್ತಿಲ್ಲ, ನೀನೂ ಹೇಳಬೇಡ. ಒಂದು ಬೆಳಿಗ್ಗೆ ತಲೆಯ ಮಾತ್ರೆಗಳನ್ನೆಲ್ಲ ಒಲೆಗೆ ಹಾಕಿಬಿಡೋಣ ಎಂದು ಒಲೆಯ ಬಾಗಿಲು ತೆರೆದು ಕೂತೆ. ಕೂತಾಗ ತಲೆ ತಿಳಿಯಾಗಿತ್ತು. ಆ ಮಾತ್ರೆ ಇಲ್ಲದ ದಿನಗಳಲ್ಲಿ ನಾನು ಏನಾಗಿದ್ದೆ ಎಂಬುದು ನೆನಪಿತ್ತು. ಬಾಗಿಲು ಮುಚ್ಚಿದೆ.

ಬಿದ್ದದ್ದು ಹೋದ ತಿಂಗಳ ಕೊನೆಯ ಶನಿವಾರ, ಸೌನಾದಲ್ಲಿ. ವಿರ್ಪಿ ಹೊರಕೋಣೆಯಲ್ಲಿ ಟವೆಲ್ ಮಡಿಸುತ್ತಿದ್ದಳು. ನಾನು ಮೇಲಿನ ಹಲಗೆಯಲ್ಲಿ ಕೂತು ಕಾದ ಕಲ್ಲಿನ ಮೇಲೆ ನೀರು ಹಾಕಿ, ಹಬೆ ಮೈಗೆ ತಾಗಿದ ಮೇಲೆ ಇಳಿಯಲೆಂದು ಎದ್ದೆ. ಅಷ್ಟೇ ಗೊತ್ತು. ಹುಬ್ಬು ಒಡೆದಿತ್ತು, ಮೊಣಕೈ ಒಲೆಗೆ ತಾಗಿ ಸುಟ್ಟಿತ್ತು. ಅವಳು ನನ್ನನ್ನು ಕಂಕುಳಿಗೆ ಕೈಹಾಕಿ ಎಳೆದು ಹೊರಗಿನ ಹುಲ್ಲಿನ ಮೇಲೆ ಮಲಗಿಸಿದಳಂತೆ. ನಾನು ಬೆತ್ತಲೆ, ಮೇಲಿಂದ ತಣ್ಣನೆಯ ಗಾಳಿ, ಅವಳು ಆಂಬ್ಯುಲೆನ್ಸಿಗೆ ಹೇಳುತ್ತಿದ್ದಳು, ನನ್ನ ತಂದೆ ಮಾನಸಿಕ ರೋಗಿ ಎಂದು. ಒಲೆಗೆ ಇನ್ನು ಸ್ವಲ್ಪ ಹತ್ತಿರ ಬಿದ್ದಿದ್ದರೆ ಈ ಪತ್ರವನ್ನು ಅವಳೇ ಬರೆಯಬೇಕಿತ್ತು.

ಹುಬ್ಬಿಗೆ ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಸೋಮವಾರ ಡಾಕ್ಟರ್ ರಿಸ್ಸಾನೆನ್ ಎದುರು ಕೂತಿದ್ದೆವು. ನನ್ನನ್ನು ದಾಖಲು ಮಾಡಿಕೊಳ್ಳಿ ಎಂದು ವಿರ್ಪಿ ಕೇಳುತ್ತಿದ್ದಳು, ಡಾಕ್ಟರು ಬರೆದುಕೊಳ್ಳುತ್ತಿದ್ದರು. ಇನ್ನು ಸುಮ್ಮನಿದ್ದರೆ ಮನೆಗೆ ಮರಳುವುದಿಲ್ಲ ಎಂದು ನನಗೆ ಗೊತ್ತಾಯಿತು.

"ಡಾಕ್ಟ್ರೇ," ಎಂದೆ, "ನಂಗೆ ಹುಚ್ಚು ಹಿಡಿದಿದ್ದಾಗ ಕೂತ್ರೂ ಹುಚ್ಚೇ, ನಿಂತ್ರೂ ಹುಚ್ಚೇ, ಮಲಗಿದ್ರೂ ಹುಚ್ಚೇ. ಇದು ಎದ್ದು ನಿಂತಾಗ ಮಾತ್ರ ಬರುತ್ತೆ. ಕೂತ್ರೆ ಹೋಗುತ್ತೆ. ಕೂತ್ರೆ ಹೋಗೋ ಹುಚ್ಚು ಯಾವುದಾದ್ರೂ ಇದ್ಯಾ?"

ಅವರು ಪೆನ್ನು ಕೆಳಗಿಟ್ಟರು. ಬೇರೆ ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರು. ಕೋಟಿನ ಜೇಬಿನಿಂದ ಬಿಪಿ ಮಾತ್ರೆಯ ಡಬ್ಬಿ ತೆಗೆದುಕೊಟ್ಟೆ. ಅದನ್ನು ಓದಿ, ನನ್ನನ್ನು ಮಂಚದ ಮೇಲೆ ಮಲಗಿಸಿ ಬಿಪಿ ನೋಡಿದರು. ಎದ್ದು ನಿಲ್ಲಿ ಎಂದು ಮತ್ತೆ ನೋಡಿದರು. ಅಷ್ಟರಲ್ಲಿ ನಾನು ಅವರ ಭುಜ ಹಿಡಿದುಕೊಂಡಿದ್ದೆ. ನನ್ನನ್ನು ಕೂರಿಸಿ, ಯಂತ್ರದ ಅಂಕಿಗಳನ್ನು ನಮ್ಮಿಬ್ಬರಿಗೂ ತೋರಿಸಿದರು.

"ನೆಲ ಎಳೀತಿದೆ ಅಂತ ನೀವು ಹೇಳಿದ್ದು ಮಗಳಿಂದ ನನ್ನ ಕಿವಿಗೆ ಬಿದ್ದಿತ್ತು," ಎಂದರು. "ಆದ್ರೆ ಅದು ನಿಮ್ಮ ಕಾಯಿಲೆ ಮಾತಾಡ್ತಿದೆ ಅಂದ್ಕೊಂಡೆ. ನನ್ನ ತಪ್ಪು."

ಆಮೇಲೆ ಬಿಡಿಸಿ ಹೇಳಿದರು. ಆ ಬಿಪಿ ಮಾತ್ರೆ ರಕ್ತನಾಳಗಳನ್ನು ಸಡಿಲಿಸುತ್ತದಂತೆ. ನನ್ನ ತಲೆಯ ಮಾತ್ರೆಯೂ ಸದ್ದಿಲ್ಲದೆ ಅದೇ ಕೆಲಸ ಮಾಡುತ್ತದಂತೆ. ಎರಡೂ ಸೇರಿದರೆ ಎದ್ದಾಗ ರಕ್ತ ಕಾಲಿನಲ್ಲೇ ಉಳಿದು ತಲೆಗೆ ಬರುವುದಿಲ್ಲ. ಡೋಸ್ ಏರಿಸಿದ್ದು ಅದನ್ನು ಹೆಚ್ಚಿಸಿತು, ಸೌನಾದ ಬಿಸಿ ಉಳಿದದ್ದನ್ನು ಮಾಡಿತು. ನಮ್ಮೆದುರಿಗೇ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಬಿಪಿಗೆ ಬೇರೆ ಜಾತಿಯ ಮಾತ್ರೆ ಹೇಳಿದರು. ತಲೆಯ ಮಾತ್ರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಳೆಯ ಡೋಸಿಗೆ ಇಳಿಸುವಂತೆ ಬರೆದುಕೊಟ್ಟರು. ಹೇಳದೆ ಕೇಳದೆ ಯಾವುದನ್ನೂ ನಿಲ್ಲಿಸಬೇಡಿ ಎಂದರು. ಒಲೆಯ ಬಾಗಿಲಿನ ವಿಷಯ ನಾನು ಎತ್ತಲಿಲ್ಲ.

ವಾಪಸು ಬರುವಾಗ ವಿರ್ಪಿ ಪೆಟ್ರೋಲ್ ಬಂಕಿನ ಕೆಫೆಯ ಮುಂದೆ ಕಾರು ನಿಲ್ಲಿಸಿದಳು. ಕಾಫಿ, ಎಣ್ಣೆಯಲ್ಲಿ ಕರಿದು ಸಕ್ಕರೆ ಹಚ್ಚಿದ ಎರಡು ಮುಂಕ್ಕಿ ಮೇಜಿಗೆ ತಂದಳು. ಒಂದು ತುತ್ತು ತಿಂದವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಬುದ್ಧಿ ಎಲ್ಲಿಟ್ಟಿದ್ದೆ ನೀನು? ಒಂದು ಡಬ್ಬಿ ತೋರ್ಸೋಕೆ ಇಷ್ಟು ದಿನ ಬೇಕಿತ್ತಾ? ಸತ್ತೇ ಹೋಗ್ತಿದ್ದೆ ಅಪ್ಪ!" ಎಂದು ಬೈಯಲು ಶುರುಮಾಡಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಂತರ ಬಾಯಿ ಮುಚ್ಚಿಕೊಂಡು, ತಪ್ಪಾಯ್ತು ಎಂದಳು. ಇಲ್ಲ, ಮುಂದುವರಿಸು ಎಂದೆ. ಹೆಲ್ಕಾ, ಹುಟ್ಟಿದಾಗಿನಿಂದ ಅವಳು ನನಗೆ ಒಮ್ಮೆಯೂ ಬೈದಿರಲಿಲ್ಲ. ಊರಿನ ಬೇರೆ ಅಪ್ಪಂದಿರಿಗೆ ಮಕ್ಕಳು ಬೈಯುವುದನ್ನು ನೋಡಿ ನಾನು ಎಷ್ಟು ಆಸೆಪಟ್ಟಿದ್ದೇನೆ ಎಂಬುದು ನಿನಗೆ ಮಾತ್ರ ಅರ್ಥವಾದೀತು. ಕಾಫಿ ಆರುವವರೆಗೂ ಬೈದಳು.

ಕೊಡಲಿ ವಾಪಸು ಬಂದಿದೆ. ಮೋಟಾರೂ ಬಂತು. ಆರೈಕೆ ಮನೆಯ ಮಾತು ನಿಂತಿದೆ. ಸದ್ಯಕ್ಕೆ ಸೌನಾದಲ್ಲಿ ಕೆಳಗಿನ ಹಲಗೆಯಲ್ಲೇ ಕೂರಬೇಕು, ಒಬ್ಬನೇ ಹೋಗಬಾರದು ಎಂದಿದ್ದಾರೆ. ನೆರೆಮನೆಯ ಎಸ್ಕೊ ಜೊತೆಗೆ ಬರುತ್ತಾನೆ, ಬಂದು ಎಲ್ಲ ಹಬೆಯನ್ನೂ ತನ್ನ ಮಾತಿನಿಂದಲೇ ತುಂಬಿಸುತ್ತಾನೆ. ಸಹಿಸಿಕೊಂಡಿದ್ದೇನೆ.

ನೀನು ಚೆನ್ನಾಗಿ ಉಣ್ಣು, ಮೊಣಕಾಲಿಗೆ ಉಣ್ಣೆ ಸುತ್ತಿಕೋ.

ಎಂದೂ ನಿನ್ನ ಹಿತ ಬಯಸುವ,
ತಪನಿ

ತಾ.ಕ.: ಹೊರಡುವಾಗ ಡಾಕ್ಟರ್ ರಿಸ್ಸಾನೆನ್ ಇನ್ನೊಂದು ಪ್ರಶ್ನೆ ಕೇಳಿದ್ದರು, ಬಿದ್ದಾಗ ಯಾವುದಾದರೂ ದನಿ ಕೇಳಿಸಿತೇ ಎಂದು. ಇಲ್ಲ ಎಂದೆ. ಕೇಳಿಸಿತ್ತು. ಹಳೆಯ ದನಿಗಳಲ್ಲ, ಅವುಗಳ ಪರಿಚಯ ನನಗೆ ಚೆನ್ನಾಗಿದೆ. ಇದು ನೀನು, ಬಾಗಿಲಾಚೆ ನಿಂತು, ಇನ್ನೂ ಎಷ್ಟು ಹೊತ್ತು, ಸೂಪು ಆರುತ್ತಿದೆ ಎಂದು ಗದರುತ್ತಿದ್ದೆ. ಬರೀ ನೆನಪು ಎಂದು ಗೊತ್ತು. ಆದರೂ ಹೇಳಿದರೆ ಅದಕ್ಕೂ ಒಂದು ಮಾತ್ರೆ ಬರೆದುಕೊಟ್ಟಾರು ಎಂದು ಸುಮ್ಮನಾದೆ. ಅದೊಂದು ವಾಸಿಯಾಗುವುದು ನನಗೆ ಬೇಡ.