ನಲವತ್ತೊಂದನೇ ಪುಟದ ಖಾಲಿ ಜಾಗ

ಹದಿಮೂರನೇ ತಿಂಗಳ ಮೂವತ್ತೆರಡನೇ ತಾರೀಖು, 2291

ಪೂಜ್ಯ ವಾರಿಜಾ ಅಜ್ಜಿಯವರಿಗೆ,

ನೀವಿನ್ನೂ ಅಜ್ಜಿಯಾಗಿಲ್ಲ, ಗೊತ್ತು. ನಿಮಗೀಗ ಇಪ್ಪತ್ತಾರು, ಪಾಲಿಮರ್ ಲ್ಯಾಬಿನಲ್ಲಿ ನಿಂತೇ ನೋಟ್‌ಬುಕ್ ಬರೆಯುತ್ತಿದ್ದೀರಿ. ನಾನು ನಿಮ್ಮಿಂದ ಒಂಬತ್ತನೇ ತಲೆಮಾರಿನ ನೇಸರ, ಫಸ್ಟ್ ಇಯರ್. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಕನ್ನಡ ಅರ್ಧ ಇಂಗ್ಲಿಷು. ಮಾತು ವಿಚಿತ್ರವೆನಿಸಿದರೆ ಸಾರಿ.

ಇಲ್ಲಿ ಬಾವಿ, ನಲ್ಲಿ ಇಲ್ಲ. ಅಂಗಳದಲ್ಲಿ ನೀರ್ಹಾಸು ಇದೆ. ಅದು ಹೈಡ್ರೋಜೆಲ್ಲಿನ ದಪ್ಪ ಹಾಸಿಗೆ. ಬೆಳಗಿನ ಜಾವದ ತೇವವನ್ನು ಹೀರಿ ಉಬ್ಬುತ್ತದೆ, ಬಿಸಿಲೇರಿದಾಗ ನೀರು ಬಿಡುತ್ತದೆ. ಆ ನೀರು ಆವಿಯಾಗಿ ಹಾರಿಹೋಗದಂತೆ ಮೇಲೆ ಹೊನ್‌ಪೊರೆ ಕಟ್ಟುತ್ತೇವೆ. ನೀವು ಪಾಲಿಇಮೈಡ್ ಫಿಲ್ಮ್ ಅನ್ನುತ್ತೀರಲ್ಲ, ಜೇನಿನ ಬಣ್ಣದ್ದು, ಅದೇ. ಪ್ರತಿ ವರ್ಷ ಫಸ್ಟ್ ಇಯರ್‌ನವರಲ್ಲಿ ಒಬ್ಬರು ಪೊರೆ ಹೊಯ್ಯಬೇಕೆಂಬುದು ಪದ್ಧತಿ. ಈ ವರ್ಷ ಚೀಟಿಯಲ್ಲಿ ನನ್ನ ಹೆಸರು ಬಂತು.

ಪೊರೆ ಬೇಯಿಸುವ ಹಳೆಯ ಓವನ್ನಿಗೆ ಎಲ್ಲ ತಾನಾಗಿ ಗೊತ್ತಿತ್ತು, ನಾವು ಗುಂಡಿ ಒತ್ತುತ್ತಿದ್ದೆವು ಅಷ್ಟೆ. ಅದು ಕೆಟ್ಟಿತು; ಈಗಿನ ಓವನ್ನಿಗೆ ಡಿಗ್ರಿ, ಹೊತ್ತು ಎಲ್ಲ ನಾವೇ ಹೇಳಬೇಕು. ಉಳಿದದ್ದು ನಿಮ್ಮ ನೋಟ್‌ಬುಕ್. ಪೊರೆಯ ಪಾಕ ಬೆರೆಸುವುದು, ಗಾಜಿನ ಮೇಲೆ ತೆಳ್ಳಗೆ ಎಳೆಯುವುದು, ಎಲ್ಲವನ್ನೂ ಗ್ರಾಮು, ನಿಮಿಷ ಸಮೇತ ಬರೆದಿದ್ದೀರಿ. ಆಮೇಲೆ ನಲವತ್ತೊಂದನೇ ಪುಟದಲ್ಲಿ ಒಂದೇ ಸಾಲು: "ನಂತರ ಎಂದಿನಂತೆ ಬಿಸಿ ಮಾಡುವುದು."

ಎಂದಿನಂತೆ ಅಂದರೆ ಹೇಗೆ, ಅಜ್ಜಿ? ನಾನು ನೇರವಾಗಿ ಮುನ್ನೂರು ಡಿಗ್ರಿಗೆ ಇಟ್ಟೆ. ಒಳಗಿದ್ದ ನೀರು, ದ್ರಾವಕ ಹೊರಬರಲು ಜಾಗವಿಲ್ಲದೆ ಪೊರೆಯ ತುಂಬ ಗುಳ್ಳೆ ಎದ್ದವು. ರೂಮ್‌ಮೇಟ್ ಮಂದಾರ ಬಗ್ಗಿ ನೋಡಿ, "ಏನೇ ಇದು, ಹಪ್ಪಳ ಸುಟ್ಟಿದ್ಯಾ?" ಅಂದಳು. ಎಲ್ಲರೂ ನಕ್ಕರು. ವಾರ್ಡನ್ ನಾಗವೇಣಮ್ಮ ಮಾತ್ರ ನಗಲಿಲ್ಲ. "ಇನ್ನೊಂದೇ ಪೊರೆಗಾಗೋವಷ್ಟು ಪಾಕ ಉಳಿದಿರೋದು ಕಣಮ್ಮ. ನಿಧಾನ," ಅಂದರು. ಅವರು ಬೈದಿದ್ದರೆ ವಾಸಿಯಿತ್ತು.

ಬೇಸಿಗೆಗೆ ಹನ್ನೆರಡು ದಿನ. ಪೊರೆ ಇಲ್ಲದಿದ್ದರೆ ಹಾಸು ಒಣಗಿ ತೊಗಟೆಯಾಗುತ್ತದೆ; ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರಿದ್ದೇವೆ. ನಾಳೆ ಬೆಳಿಗ್ಗೆ ಉಳಿದ ಪಾಕ ಹೊಯ್ಯಬೇಕು. ಮೊದಲು ನೂರು, ಆಮೇಲೆ ಇನ್ನೂರು, ಆಮೇಲೆ ಮುನ್ನೂರು ಅಂತ ಊಹಿಸಿದ್ದೇನೆ. ಒಂದೊಂದರಲ್ಲಿ ಎಷ್ಟು ಹೊತ್ತು ಇಡಬೇಕೋ ಗೊತ್ತಿಲ್ಲ.

ನಿಮಗೆ ಅದು ದಿನದಿನದ ಕೆಲಸ, ಬರೆಯಬೇಕು ಅನ್ನಿಸಿರಲಿಕ್ಕಿಲ್ಲ. ಆದರೆ ಆ ಸಾಲಿನ ಕೆಳಗೆ ಎರಡು ಬೆರಳಗಲ ಖಾಲಿ ಜಾಗವಿದೆ. ನೀವು ಈಗ ಅಲ್ಲಿ ಬರೆದರೆ ಇಲ್ಲಿ ನನಗೆ ಕಾಣಬಹುದು. ಡಿಗ್ರಿ, ಗಂಟೆ, ಅಷ್ಟೇ ಸಾಕು, ಪ್ಲೀಸ್. ಓವನ್ ಹಚ್ಚುವ ಮುಂಚೆ ಆ ಪುಟವನ್ನು ಇನ್ನೊಂದು ಸಲ ತೆರೆದು ನೋಡುತ್ತೇನೆ.

ನಿಮ್ಮ,
ನೇಸರ