ಪ್ರತಿ ಪೆಟ್ಟಿಗೆಗೂ ಕೂದಲ ಕ್ಲಿಪ್ಪು

ಶಾಲೆಯ ಹಾಲ್, ಪ್ಯಾಕಿಂಗ್ ಮೇಜಿನಿಂದ
ಗುರುವಾರ ಮಧ್ಯಾಹ್ನ

ನನ್ನ ಪೀಪಿಗೆ ಅಜ್ಜಿಯ ಕೆನ್ನೆ ತುಂಬ ಮುತ್ತುಗಳು.

ಹೇಗಿದ್ದೀಯೇ? ಬೆನ್ನುನೋವು ಕಡಿಮೆಯಾಯಿತಾ? ಸೈನ್ಯದ ಲಾರಿಯಾದರೂ ಲಾರಿಯೇ, ಅದರ ಅಡಿಗೆ ಮಲಗಿ ರಿಪೇರಿ ಮಾಡುವಾಗ ಬೆನ್ನಿಗೆ ಏನಾದರೂ ಹಾಸಿಕೋ ಅಂತ ಎಷ್ಟು ಬಡಕೊಂಡರೂ ನಿನ್ನ ಕಿವಿಗೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ನಾನು ಗುಂಡುಕಲ್ಲಿನ ಹಾಗಿದ್ದೇನೆ, ನನಗೇನು ಬಂದಿದೆ ರೋಗ. ನಿನ್ನಮ್ಮ ಮಾತ್ರ ತಟ್ಟೆಯ ಮುಂದೆ ಕೂತು, ಒಂದು ತುತ್ತೂ ಬಾಯಿಗಿಡದೆ ಎದ್ದು ಕೈ ತೊಳೆಯುತ್ತಾಳೆ. ಗೇಟು ಕಿರ್ ಅಂದರೆ ಸಾಕು, ಅಂಚೆಯವನೇ ಬಂದ ಅಂತ ಓಡುತ್ತಾಳೆ. ನಿನ್ನ ಪತ್ರ ನಿಂತ ಮೇಲೆ, ನಾವು ಬರೆದದ್ದಕ್ಕೂ ಉತ್ತರ ಬರದ ಮೇಲೆ, ದಿನಾ ಇದೇ ಕಥೆ.

ಸೈನಿಕರಿಗೆ ಪೆಟ್ಟಿಗೆ ಕಟ್ಟಿ ಕಳಿಸುವವರ ಜೊತೆ ಸೇರಿದ್ದೇನೆ ಅಂತ ಹಿಂದೆಯೇ ಬರೆದಿದ್ದೆನಲ್ಲ. ಸೋಪು, ಬಿಸ್ಕತ್ತು, ಕಾಲುಚೀಲ, ಗಡ್ಡ ಕೆರೆಯುವ ರೇಜರು. ಎಲ್ಲರೂ ಹಾಕಿಯಾದ ಮೇಲೆ ಪೆಟ್ಟಿಗೆ ನನ್ನ ಹತ್ತಿರ ಬರುತ್ತದೆ. ಸಂದುಗೊಂದು ತುಂಬಿಸುವುದು ನನ್ನ ಕೆಲಸ. ನನ್ನ ಪಕ್ಕದ ರಿಟೈರ್ಡ್ ಮೇಷ್ಟ್ರು ಅದನ್ನು ಅಲ್ಲಾಡಿಸಿ ನೋಡುತ್ತಾರೆ. ಸದ್ದು ಬಂದರೆ ವಾಪಸ್, ಬರದಿದ್ದರೆ ಟೇಪು. ಒಳಗಾಗಲಿ ಹೊರಗಾಗಲಿ ಯಾರ ಹೆಸರೂ ಇರಕೂಡದು, ಯಾವ ಪೆಟ್ಟಿಗೆ ಯಾವ ಶಿಬಿರಕ್ಕೆ ಅನ್ನುವುದೂ ನಮಗೆ ಗೊತ್ತಾಗಕೂಡದು. ಶತ್ರುವಿಗೆ ತಿಳಿದುಬಿಟ್ಟರೆ ಅಂತೆ! ನನ್ನ ಮೊಮ್ಮಗಳ ಜಡೆ ಸೊಂಟ ಮುಟ್ಟುತ್ತದೆ ಅಂತ ತಿಳಿದು ಆ ಶತ್ರು ಅದೇನು ಕಡಿದು ಗುಡ್ಡೆ ಹಾಕುತ್ತಾನೋ ಕಾಣೆ. ಒಂದಲ್ಲ ಒಂದು ನಿನ್ನ ಕೈ ಸೇರಲಿ ಅಂತ ನಾನು ಪ್ರತಿ ಪೆಟ್ಟಿಗೆಯ ಸಂದಿಗೂ ಕೂದಲ ಕ್ಲಿಪ್ಪು ತುರುಕಿದೆ. "ಅಲ್ಲಮ್ಮಾ, ಗಂಡಸರು ಕ್ಲಿಪ್ಪು ಹಾಕ್ಕೊಂಡು ಯುದ್ಧಕ್ಕೆ ಹೋಗ್ತಾರಾ?" ಅಂದರು ಮೇಷ್ಟ್ರು. "ನೀವು ಟೇಪು ಹಚ್ಚಿ, ನಿಮ್ಮ ಬಾಯಿಗೂ ಸ್ವಲ್ಪ ಹಚ್ಕೊಳ್ಳಿ" ಅಂದೆ.

ಮೊನ್ನೆ ನಿನ್ನ ಶಿಬಿರದಿಂದಲೇ ಧನ್ಯವಾದದ ಕಾಗದ ಬಂತು. ನಿನ್ನ ಪತ್ರಗಳ ಮೇಲಿರುತ್ತಿದ್ದ ಅದೇ ಶಿಬಿರದ ನಂಬರು. ಮೇಷ್ಟ್ರು ಮೇಜಿನ ಮೇಲೆ ಕೈ ಬಡಿದು ಗಟ್ಟಿಯಾಗಿ ಓದಿದರು. "ಕ್ಲಿಪ್ಪು ಕಳಿಸಿದ ತಾಯಿಗೆ ಒಂದು ಸಲಾಂ. ಇಲ್ಲಿ ಎಲ್ಲರದೂ ಬೋಳುತಲೆ, ಬಿಸ್ಕತ್ತು ಪ್ಯಾಕೆಟ್ಟಿನ ಬಾಯಿಗೆ ಹಾಕಿಟ್ಟಿದ್ದೀವಿ." ಹಾಲ್‌ಗೆ ಹಾಲೇ ನಕ್ಕಿತು. ನಾನೂ ನಕ್ಕೆ. ಅರ್ಧ ನಕ್ಕವಳು ಮೇಷ್ಟ್ರ ಕೈಯಿಂದ ಕಾಗದ ಕಿತ್ತುಕೊಂಡು ಇನ್ನೊಮ್ಮೆ ಓದಿದೆ ಕಣೇ. ನೀನು ಅಲ್ಲಿದ್ದಿದ್ದರೆ ಬಿಸ್ಕತ್ತಿಗೆ ಹಾಕಲು ಒಂದಾದರೂ ಉಳಿಯುತ್ತಿತ್ತಾ? ಜಗಳವಾಡಿ ಎಲ್ಲವನ್ನೂ ಬಾಚಿಕೊಳ್ಳುತ್ತಿರಲಿಲ್ಲವಾ?

ಸೈನ್ಯದ ಕಚೇರಿಗೆ ಓಡಿದೆ. "ನೋಡೋಣಮ್ಮಾ, ವಿಚಾರಿಸ್ತೀವಿ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕಳಿಸಿದರು. ಆ ಸಲಾಮಿನ ವಿಷಯ ನಿನ್ನಮ್ಮನಿಗೆ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ನಿನ್ನನ್ನು ಬೇರೆ ಕಡೆ ಕಳಿಸಿದರಾ? ಆಸ್ಪತ್ರೆಯಲ್ಲಿದ್ದೀಯಾ? ಕೂದಲು ಕತ್ತರಿಸಿಕೊಂಡೆಯಾ? ಕತ್ತರಿಸಿಕೋ ಮಗಳೇ, ನಾನು ಬೈಯುವುದಿಲ್ಲ. ತಲೆ ಬೋಳಿಸಿಕೊಂಡರೂ ಸರಿ, ಬದುಕಿರು. ನನಗೆ ಇನ್ನೇನೂ ಬೇಡ.

ನನ್ನ ಆಯಸ್ಸೂ ನಿನಗೇ ಸೇರಲಿ, ಕೈಕಾಲು ಗಟ್ಟಿಯಾಗಿರಲಿ.

ನಿನ್ನ ಬಾಯಿಬಡುಕಿ ಅಜ್ಜಿ

ತಾ.ಕ.: ಇದೇ ಕಾಗದವನ್ನು ಇವತ್ತಿನ ಪ್ರತಿ ಪೆಟ್ಟಿಗೆಗೂ ಬರೆದು ಹಾಕುತ್ತಿದ್ದೇನೆ, ಬೆರಳು ಮರಗಟ್ಟಿವೆ. ಮೇಷ್ಟ್ರು ಕಂಡೂ ಕಾಣದವರ ಹಾಗೆ ಟೇಪು ಹಚ್ಚುತ್ತಿದ್ದಾರೆ. ಪೆಟ್ಟಿಗೆ ತೆರೆದವನೇ, ನೀನು ಯಾರ ಮಗನೋ ಏನೋ, ಇಲ್ಲಿವರೆಗೆ ಓದಿದ್ದೀಯಲ್ಲ, ಈ ಮುದುಕಿಯ ಮಾತೊಂದು ನಡೆಸಿಕೊಡಪ್ಪಾ. ಲಾರಿ ರಿಪೇರಿಯವಳು, ನಕ್ಕರೆ ಪೀಪಿ ಊದಿದ ಹಾಗೆ ಬೀದಿಗೆಲ್ಲ ಕೇಳಿಸುತ್ತದೆ. ಇದ್ದರೆ ಇದನ್ನು ಅವಳ ಕೈಗೆ ಕೊಡು. ಇಲ್ಲ ಅಂತಾದರೆ ಮುಚ್ಚಿಡಬೇಡ, ಬರೆ. ಆದರೆ ನಮ್ಮ ಮನೆ ಹುಡುಕಿಕೊಂಡು ಬರೆಯಬೇಡ, ಬಾಗಿಲಲ್ಲಿ ಅವಳಮ್ಮ ಕೂತಿರುತ್ತಾಳೆ. ಪೆಟ್ಟಿಗೆಯ ಮೇಲಿರುವ ಈ ಹಾಲ್‌ನ ವಿಳಾಸಕ್ಕೇ ಬರೆ. ಇಲ್ಲಿ ಅದು ಮೊದಲು ನನ್ನ ಕೈಗೆ ಸಿಗುತ್ತದೆ.